ಕಾಯುವ ಪ್ರತಿಕಾಯವೇ ಕಾಯಿಲೆ ತಂದೀತೆ? ಕ್ಲೆಮೆನ್ಸ್ ಫಾನ್ ಪಿರ್ಕೆ ಬಿಡಿಸಿದ ಒಗಟು

ಜಯನಗರದ ಲ್ಯಾಬ್ ಒಂದರಲ್ಲಿ ಲೂಪಸ್ ರೋಗಿಗೆ ರಕ್ತಪರೀಕ್ಷೆ ಮಾಡಿಸಿದರೆ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಸಿ3, ಸಿ4 ಎಂಬ ಎರಡು ಅಂಕಿಗಳಿರುತ್ತವೆ. ಅವು ಕುಸಿದಿದ್ದರೆ, ರಕ್ತದಲ್ಲಿ ಇಮ್ಯೂನ್ ಕಾಂಪ್ಲೆಕ್ಸ್‌ಗಳು ಹೆಚ್ಚಿರಬಹುದೆಂದು ವೈದ್ಯರು ಶಂಕಿಸುತ್ತಾರೆ. ಪ್ರತಿಕಾಯವೂ ಅದು ಹಿಡಿದ ವಸ್ತುವೂ ಸೇರಿ ಆದ ಗಂಟುಗಳಿವು. ಈ ತಿಳಿವಳಿಕೆಯ ಬೇರು ವಿಯೆನ್ನಾದ ಮಕ್ಕಳ ವೈದ್ಯರೊಬ್ಬರ ಬದುಕಿನಲ್ಲಿದೆ.

ಕ್ಲೆಮೆನ್ಸ್ ಫಾನ್ ಪಿರ್ಕೆ ಹುಟ್ಟಿದ್ದು 1874ರಲ್ಲಿ, ವಿಯೆನ್ನಾದ ಬಳಿ. ಮೊದಲು ದೇವತಾಶಾಸ್ತ್ರ, ತತ್ತ್ವಶಾಸ್ತ್ರ ಓದಿ, ಆಮೇಲೆ ವೈದ್ಯಕೀಯಕ್ಕೆ ಬಂದು 1900ರಲ್ಲಿ ಪದವಿ ಪಡೆದರು. ಆಗ ಗಂಟಲಮಾರಿಗೆ (ಡಿಫ್ತೀರಿಯಾ) ಕುದುರೆಯ ಸೀರಮ್ ಚುಚ್ಚುತ್ತಿದ್ದರು. ಅದು ಎಷ್ಟೋ ಮಕ್ಕಳ ಜೀವ ಉಳಿಸಿತು. ಆದರೆ ಒಂದೆರಡು ವಾರದಲ್ಲಿ ಕೆಲವು ಮಕ್ಕಳಿಗೆ ಜ್ವರ, ದದ್ದು, ಕೀಲುನೋವು ಬರುತ್ತಿತ್ತು.

ಸೀರಮ್ಮೇ ವಿಷವಾಗಿದ್ದರೆ ತೊಂದರೆ ಕೂಡಲೇ ಕಾಣಿಸಬೇಕಿತ್ತಲ್ಲವೇ? ಪಿರ್ಕೆ ದಿನಗಳನ್ನು ಎಣಿಸಿದರು. ಮೊದಲ ಸಲ ಎಂಟು–ಹನ್ನೆರಡು ದಿನ ಹಿಡಿಯುತ್ತಿದ್ದ ಕಾಯಿಲೆ, ಮತ್ತೊಮ್ಮೆ ಸೀರಮ್ ಕೊಟ್ಟಾಗ ಬಹಳ ಬೇಗ ಬರುತ್ತಿತ್ತು. ಅಂದರೆ ದೇಹ ಪ್ರತಿಕಾಯ ತಯಾರಿಸಲು ಆ ದಿನಗಳು ಬೇಕಾಗುತ್ತಿದ್ದವು. ಆ ಪ್ರತಿಕಾಯ ರಕ್ತದಲ್ಲಿ ಉಳಿದಿದ್ದ ಸೀರಮ್ಮನ್ನು ಸಂಧಿಸಿದಾಗಲೇ ರೋಗ ಏಳುತ್ತದೆ ಎಂದು ಅವರು ತರ್ಕಿಸಿದರು. 1905ರಲ್ಲಿ ಬೇಲಾ ಶಿಕ್ ಜೊತೆ ಸೀರಮ್ ಕಾಯಿಲೆಯ ಬಗ್ಗೆ ಪುಸ್ತಕ ಪ್ರಕಟಿಸಿದರು. ಇಂದು ಮನೆಮಾತಾಗಿರುವ 'ಅಲರ್ಜಿ' ಪದವನ್ನು 1906ರಲ್ಲಿ ರೂಪಿಸಿದವರೂ ಅವರೇ. 1907ರಲ್ಲಿ ಕ್ಷಯ ಪತ್ತೆಗೆ ಚರ್ಮದ ಪರೀಕ್ಷೆ ತಂದರು. ಮೊದಲ ಮಹಾಯುದ್ಧದ ನಂತರ ಹಸಿದ ಆಸ್ಟ್ರಿಯಾದ ಮಕ್ಕಳಿಗೆ ಊಟ ಒದಗಿಸುವ ಕೆಲಸದ ಮುಂದಾಳಾದರು. 1929ರಲ್ಲಿ, 54ನೇ ವಯಸ್ಸಿನಲ್ಲಿ, ಪತ್ನಿಯೊಂದಿಗೆ ಆತ್ಮಹತ್ಯೆ ಮಾಡಿಕೊಂಡರು.

ಅವರ ಊಹೆಗೆ ಗಟ್ಟಿ ಪುರಾವೆ ಸಿಕ್ಕಿದ್ದು 1950ರ ದಶಕದಲ್ಲಿ, ಫ್ರಾಂಕ್ ಡಿಕ್ಸನ್ ಮತ್ತಿತರರು ಮೊಲಗಳ ಮೇಲೆ ನಡೆಸಿದ ಪ್ರಯೋಗಗಳಿಂದ. ಗಂಟುಗಳು ಮೂತ್ರಪಿಂಡ, ರಕ್ತನಾಳಗಳಲ್ಲಿ ಕುಳಿತು ಉರಿಯೂತ ಎಬ್ಬಿಸುತ್ತವೆ. ಆ ಹೋರಾಟದಲ್ಲಿ ಸಿ3, ಸಿ4 ಪ್ರೋಟೀನುಗಳು ಖರ್ಚಾಗುವುದರಿಂದಲೇ ರಿಪೋರ್ಟಿನಲ್ಲಿ ಅಂಕಿ ಇಳಿಯುತ್ತದೆ. ಗಂಟುಗಳನ್ನೇ ನೇರವಾಗಿ ಅಳೆಯುವ ಪರೀಕ್ಷೆಗಳೂ ಇವೆ. ಆದರೆ ಒಂದೊಂದು ವಿಧಾನಕ್ಕೆ ಒಂದೊಂದು ಫಲಿತಾಂಶ ಬರುವುದರಿಂದ ಅದೊಂದನ್ನೇ ನೆಚ್ಚಿ ರೋಗ ನಿರ್ಧರಿಸುವುದಿಲ್ಲ.

ಇದು ಹಳೆಯ ಕಥೆಯಷ್ಟೇ ಅಲ್ಲ. ನಮ್ಮಲ್ಲಿ ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷವೂ ಕುದುರೆಯ ರಕ್ತದಿಂದಲೇ ತಯಾರಾಗುತ್ತದೆ. ಹಾಗೆಂದು ಹೆದರಿ ಅದನ್ನು ಬೇಡವೆನ್ನಬಾರದು, ಅದು ಜೀವ ಉಳಿಸುವ ಮದ್ದು. ಪಡೆದ ಒಂದೆರಡು ವಾರಗಳಲ್ಲಿ ಜ್ವರ, ದದ್ದು, ಕೀಲುನೋವು ಬಂದರೆ ಮತ್ತೆ ವೈದ್ಯರನ್ನು ಕಂಡು, ಪ್ರತಿವಿಷ ಪಡೆದ ದಿನಾಂಕವನ್ನು ತಪ್ಪದೆ ಹೇಳಿ. ಪಿರ್ಕೆಗೂ ಸುಳಿವು ಸಿಕ್ಕಿದ್ದು ದಿನಗಳ ಲೆಕ್ಕದಲ್ಲೇ.