ಡೀಸೆಲ್: ಎಣ್ಣೆಗೆ ಹೆಸರಾದ ಇಂಜಿನಿಯರ್

ಬಸ್ಸು, ಲಾರಿ, ಟ್ರ್ಯಾಕ್ಟರುಗಳಿಗೆ ಹಾಕುವ ಎಣ್ಣೆಯನ್ನು ನಾವು ದಿನವೂ ಡೀಸೆಲ್ ಎಂದು ಕರೆಯುತ್ತೇವೆ. ಆದರೆ ಅದು ಒಬ್ಬ ಮನುಷ್ಯನ ಹೆಸರೆಂಬುದು ಅನೇಕ ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ಅವರೇ ಜರ್ಮನಿಯ ಇಂಜಿನಿಯರ್ ರುಡಾಲ್ಫ್ ಡೀಸೆಲ್.

ಅವರು 1858ರ ಮಾರ್ಚ್ 18ರಂದು ಪ್ಯಾರಿಸ್ ನಗರದಲ್ಲಿ ಜರ್ಮನ್ ದಂಪತಿಗಳ ಮಗನಾಗಿ ಜನಿಸಿದರು. ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವ, ಚರ್ಮದ ಸಾಮಾನು ಮಾಡುವ ಕಸುಬುದಾರರು. 1870ರಲ್ಲಿ ಫ್ರಾನ್ಸಿಗೂ ಜರ್ಮನರಿಗೂ ಯುದ್ಧ ಆರಂಭವಾದಾಗ ಕುಟುಂಬ ಊರು ಬಿಟ್ಟು ಲಂಡನ್ ಸೇರಬೇಕಾಯಿತು. ಹನ್ನೆರಡು ವರ್ಷದ ರುಡಾಲ್ಫ್‌ನನ್ನು ಓದಿಗಾಗಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಲಾಯಿತು. ಮುಂದೆ ಮಗ ಬೇಗ ದುಡಿಮೆಗೆ ಸೇರಲಿ ಎಂಬುದು ಹೆತ್ತವರ ಅಪೇಕ್ಷೆಯಾಗಿತ್ತು. ಆದರೆ ಪ್ರತಿಭೆಗೆ ದೊರೆತ ವಿದ್ಯಾರ್ಥಿವೇತನ ಆತನನ್ನು ಮ್ಯೂನಿಕ್‌ನ ತಾಂತ್ರಿಕ ವಿದ್ಯಾಲಯಕ್ಕೆ ಸೇರಿಸಿತು. 1880ರಲ್ಲಿ ಅವರು ಅತ್ಯುತ್ತಮ ಅಂಕಗಳೊಂದಿಗೆ ತೇರ್ಗಡೆಯಾದರು.

ಅಲ್ಲಿ ಶೀತಯಂತ್ರಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ ಅವರ ಗುರುಗಳು. ಉಗಿಯಂತ್ರದಲ್ಲಿ ಇಂಧನದ ಶಾಖದ ನೂರರಲ್ಲಿ ಸುಮಾರು ತೊಂಬತ್ತು ಪಾಲು ವ್ಯರ್ಥವಾಗುತ್ತದೆ ಎಂಬ ಪಾಠ ಈ ವಿದ್ಯಾರ್ಥಿಯ ಮನಸ್ಸನ್ನು ಕಾಡಿತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಗಾಳಿಯನ್ನು ಅದಕ್ಕಿಂತ ಬಹಳ ಹೆಚ್ಚು ಒತ್ತಿ ಕಾಯಿಸಿ, ಅದರೊಳಗೆ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಸಹಾಯವಿಲ್ಲದೆಯೇ ಹೊತ್ತಿಕೊಳ್ಳುತ್ತದೆ. ಇದೇ ಡೀಸೆಲ್ ಇಂಜಿನ್‌ನ ತತ್ತ್ವ. 1893ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪ್ರಯೋಗಗಳು ಸೋತರೂ ಅವರು ಕೈಬಿಡಲಿಲ್ಲ. 1897ರ ಪರೀಕ್ಷೆಯಲ್ಲಿ ಆ ಇಂಜಿನ್ ಇಂಧನದ ಶಾಖದಲ್ಲಿ ಶೇಕಡಾ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿತು.

ದೊಡ್ಡ ಬಂಡವಾಳಗಾರರಿಗೆ ಮಾತ್ರ ನಿಲುಕುತ್ತಿದ್ದ ಉಗಿಯಂತ್ರದ ಬದಲು, ಸಣ್ಣ ಕಸುಬುದಾರನೂ ಇಟ್ಟುಕೊಳ್ಳಬಲ್ಲ ಯಂತ್ರ ಬರಲಿ ಎಂಬುದು ಅವರ ಆಸೆಯಾಗಿತ್ತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಮುಂದೊಂದು ದಿನ ಸಸ್ಯಜನ್ಯ ಎಣ್ಣೆಗಳಿಗೂ ಪೆಟ್ರೋಲಿಯಂನಷ್ಟೇ ಮಹತ್ವ ಬರಬಹುದೆಂದು ಅವರು 1912ರಲ್ಲಿ ಅಭಿಪ್ರಾಯಪಟ್ಟಿದ್ದರು.

ಕೀರ್ತಿ, ಹಣ ಎರಡೂ ಬಂದವು. ಆದರೆ ಅನಾರೋಗ್ಯ, ನಷ್ಟದ ವ್ಯವಹಾರಗಳು, ಸಾಲ ಅವರನ್ನು ಕುಗ್ಗಿಸಿದವು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಡ್ರೆಸ್ಡೆನ್ ಎಂಬ ಹಡಗಿನಿಂದ ಅವರು ಕಾಣೆಯಾದರು. ಕೆಲವು ದಿನಗಳ ನಂತರ ಸಮುದ್ರದಲ್ಲಿ ಶವ ಸಿಕ್ಕಿತು. ಆ ಸಾವಿನ ಕಾರಣ ಇಂದಿಗೂ ಇತ್ಯರ್ಥವಾಗಿಲ್ಲ.

ಅಗ್ಗದ ಪೆಟ್ರೋಲಿಯಂ ಎಣ್ಣೆ ಬಂದ ಮೇಲೆ ಕಡಲೆಕಾಯಿ ಎಣ್ಣೆಯನ್ನು ಲೋಕ ಮರೆಯಿತು. ಇಂಜಿನ್ ಲೋಕವ್ಯಾಪಿಯಾಯಿತು; ಅದರೊಂದಿಗೆ ಹೊಗೆಯೂ ಹರಡಿತು. ಮಸಿಯ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೆ ಹಾನಿಕರ. ಆದ್ದರಿಂದಲೇ ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಡೀಸೆಲ್‌ನ ಗಂಧಕದ ಅಂಶವನ್ನು ಹತ್ತು ಲಕ್ಷದಲ್ಲಿ 10 ಪಾಲಿಗೆ ಇಳಿಸಲಾಗಿದೆ. ಸಂಶೋಧಕರು ಮತ್ತೆ ಬೀಜದ ಎಣ್ಣೆಗಳತ್ತ ತಿರುಗಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಮ್ಮ ಹೊಂಗೆ ಎಣ್ಣೆಯಿಂದ ಡೀಸೆಲ್ ಇಂಜಿನ್ ಓಡಿಸುವ ಕೆಲಸ ನಡೆದಿದೆ. ಹಸಿ ಎಣ್ಣೆ ಮಂದವಾಗಿರುವುದರಿಂದ ಇಂಜಿನ್‌ನಲ್ಲಿ ಮಸಿ ಕಟ್ಟುತ್ತದೆ. ಮೆಥನಾಲ್ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ತೆಳುವಾದ ಜೈವಿಕ ಡೀಸೆಲ್ ದೊರೆಯುತ್ತದೆ. ಇದರಿಂದ ಮಸಿ ಕಡಿಮೆಯಾದರೂ ನೈಟ್ರೋಜನ್ ಆಕ್ಸೈಡ್‌ಗಳು ಕೊಂಚ ಹೆಚ್ಚಬಹುದು. ಆದ್ದರಿಂದ ಸಂಶೋಧನೆಗೆ ಇನ್ನೂ ಅವಕಾಶವಿದೆ.

ಪ್ರಿಯ ವಿದ್ಯಾರ್ಥಿಗಳೇ, ಮನೆ ಕಳೆದುಕೊಂಡ ಕಸುಬುದಾರನ ಮಗನಿಗೆ ಒಂದು ವಿದ್ಯಾರ್ಥಿವೇತನ ದೊರೆಯದೇ ಹೋಗಿದ್ದರೆ ಈ ಇಂಜಿನ್ ಅವರ ಕೈಯಿಂದ ಬರುತ್ತಿತ್ತೇ? ಬಡತನದಿಂದ ಶಾಲೆ ಬಿಡುವ ಪ್ರತಿ ಮಗುವಿನೊಂದಿಗೆ ಸಮಾಜ ಏನನ್ನು ಕಳೆದುಕೊಳ್ಳುತ್ತದೆಂದು ಹೆತ್ತವರೂ ಉಳ್ಳವರೂ ಯೋಚಿಸಲಿ. ಡೀಸೆಲ್ ಅವರು ಇಂಧನದ ಪೋಲನ್ನು ತಡೆಯಲು ಹೊರಟರು. ಹೊಗೆಯನ್ನು ತಡೆಯುವ ಕೆಲಸ ನಿಮಗಾಗಿ ಕಾದಿದೆ.