ಪ್ರಯೋಗಾಲಯವಿಲ್ಲದ ವಿಜ್ಞಾನಿ: ಚಾರ್ಲ್ಸ್ ಹೆನ್ರಿ ಟರ್ನರ್



ಶಾಲೆಯ ಅಂಗಳದಲ್ಲಿ ಸಾಲುಗಟ್ಟಿ ಹೋಗುವ ಇರುವೆಗಳನ್ನು ನೀವೆಲ್ಲ ನೋಡಿದ್ದೀರಿ. ಆಹಾರ ಹುಡುಕುತ್ತ ದೂರ ಹೋದ ಇರುವೆ ತನ್ನ ಗೂಡಿಗೆ ಹೇಗೆ ಮರಳುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಇಂಥ ಸಣ್ಣ ಪ್ರಶ್ನೆಗಳ ಬೆನ್ನುಹತ್ತಿ ವಿಜ್ಞಾನಕ್ಕೆ ದೊಡ್ಡ ಕೊಡುಗೆ ನೀಡಿದ ಒಬ್ಬ ಪ್ರೌಢಶಾಲಾ ಶಿಕ್ಷಕರ ಜೀವನವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಚಾರ್ಲ್ಸ್ ಹೆನ್ರಿ ಟರ್ನರ್ ಅವರು 1867ರ ಫೆಬ್ರವರಿ 3ರಂದು ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದಲ್ಲಿ ಕಪ್ಪು ಜನಾಂಗದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಆ ದೇಶದಲ್ಲಿ ಗುಲಾಮಗಿರಿ ರದ್ದಾಗಿ ಆಗ ಎರಡು ವರ್ಷವೂ ಆಗಿರಲಿಲ್ಲ. ತಂದೆ ಚರ್ಚೊಂದರ ಕಾವಲುಗಾರ, ತಾಯಿ ರೋಗಿಗಳ ಆರೈಕೆ ಮಾಡುವ ದಾದಿ. ಬಡತನವಿದ್ದರೂ ತಂದೆಗೆ ಪುಸ್ತಕಗಳ ಮೇಲೆ ಅಪಾರ ಪ್ರೀತಿ. ಮಗನೂ ಓದಿನಲ್ಲಿ ಮುಂದು. 1886ರಲ್ಲಿ ಪ್ರೌಢಶಾಲೆಯಲ್ಲಿ ತರಗತಿಗೇ ಮೊದಲಿಗರಾಗಿ ತೇರ್ಗಡೆಯಾದರು. ಸಿನ್ಸಿನಾಟಿ ವಿಶ್ವವಿದ್ಯಾಲಯದಿಂದ 1891ರಲ್ಲಿ ಪದವಿ, 1892ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪಕ್ಷಿಗಳ ಮೆದುಳಿನ ರಚನೆಯ ಬಗ್ಗೆ ಅವರು ಬರೆದ ಲೇಖನ 1892ರಲ್ಲಿ ಪ್ರಸಿದ್ಧ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು.

1893ರಿಂದ ಅಟ್ಲಾಂಟಾದ ಕ್ಲಾರ್ಕ್ ಕಾಲೇಜಿನಲ್ಲಿ ಬೋಧಿಸಿದರು. 1895ರಲ್ಲಿ ಪತ್ನಿ ತೀರಿಕೊಂಡರು. ಮಕ್ಕಳ ಜವಾಬ್ದಾರಿ, ಪಾಠ, ಜೊತೆಗೆ ಸಂಶೋಧನೆ, ಎಲ್ಲವನ್ನೂ ನಿಭಾಯಿಸುತ್ತಲೇ ಓದು ಮುಂದುವರಿಸಿ, 1907ರಲ್ಲಿ, ತಮ್ಮ 40ನೇ ವಯಸ್ಸಿನಲ್ಲಿ, ಶಿಕಾಗೋ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ವಿಷಯ, ಇರುವೆಗಳು ಗೂಡಿಗೆ ಮರಳುವ ಬಗೆ.

ಆ ಕಾಲದ ಅನೇಕ ವಿದ್ವಾಂಸರು ಕೀಟಗಳನ್ನು ಕೇವಲ ಯಂತ್ರಗಳೆಂದು ನಂಬಿದ್ದರು. ಬೆಳಕು, ವಾಸನೆ ಎಳೆದ ಕಡೆಗೆ ಅವು ಹೋಗುತ್ತವೆ, ಅಷ್ಟೇ ಎನ್ನುತ್ತಿದ್ದರು. ಟರ್ನರ್ ಇದನ್ನು ಪರೀಕ್ಷಿಸದೆ ಒಪ್ಪಲಿಲ್ಲ. ರಟ್ಟಿನಿಂದ ಒಂದು ಸಣ್ಣ ವೇದಿಕೆ ಮಾಡಿ, ಅಲ್ಲಿಂದ ಗೂಡಿಗೆ ಇಳಿಯಲು ಇಳಿಜಾರು ದಾರಿ ಇಟ್ಟರು. ಇರುವೆಗಳು ದಾರಿ ಕಲಿತ ಮೇಲೆ ಇಳಿಜಾರಿನ ಜಾಗ ಬದಲಿಸಿದರು, ದೀಪದ ದಿಕ್ಕು ಬದಲಿಸಿದರು. ವಾಸನೆಯೊಂದೇ ಇರುವೆಗೆ ದಾರಿ ತೋರುವುದಿಲ್ಲ, ಬೆಳಕಿನ ದಿಕ್ಕು ಮತ್ತು ಅನುಭವದಿಂದ ಕಲಿತ ಪಾಠವೂ ಮುಖ್ಯ ಎಂಬುದು ಸ್ಪಷ್ಟವಾಯಿತು.

ಇಷ್ಟೆಲ್ಲ ಸಾಧಿಸಿದವರಿಗೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತೇ? ಇಲ್ಲ. 1908ರಲ್ಲಿ ಅವರು ಸೇಂಟ್ ಲೂಯಿ ನಗರದ ಸಮ್ನರ್ ಪ್ರೌಢಶಾಲೆಗೆ ಶಿಕ್ಷಕರಾಗಿ ಸೇರಿದರು. ಕಪ್ಪು ಜನಾಂಗದ ಮಕ್ಕಳಿಗಾಗಿ 1875ರಲ್ಲಿ ಆರಂಭವಾದ ಶಾಲೆಯದು. ಸಂಶೋಧನೆಗೆ ಬೇಕಾದ ಪ್ರಯೋಗಾಲಯ, ಸಹಾಯಕರು, ದೊಡ್ಡ ಗ್ರಂಥಾಲಯ, ಯಾವುದೂ ಅಲ್ಲಿರಲಿಲ್ಲ. ಆದರೂ ಅವರ ಹೆಸರಾಂತ ಪ್ರಯೋಗಗಳಲ್ಲಿ ಬಹುಪಾಲು ನಡೆದದ್ದು ಈ ಅವಧಿಯಲ್ಲೇ ಎಂದರೆ ನಿಮಗೆ ಆಶ್ಚರ್ಯವಾಗಬಹುದು!

ನಗರದ ಒ'ಫಾಲನ್ ಉದ್ಯಾನವೇ ಅವರ ಪ್ರಯೋಗಾಲಯವಾಯಿತು. ಬಣ್ಣದ ತಟ್ಟೆಗಳಲ್ಲಿ, ಪುಟ್ಟ ಡಬ್ಬಿಗಳಲ್ಲಿ ಜೇನು ಇಟ್ಟು, ಜೇನುನೊಣಗಳು ಬಣ್ಣ ಗುರುತಿಸಲು ಕಲಿಯುತ್ತವೆಯೇ ಎಂದು ನೋಡಿ 1910ರಲ್ಲಿ ಪ್ರಕಟಿಸಿದರು. ನೊಣಗಳು ಕೆಂಪನ್ನು ಆರಿಸಿಕೊಂಡವು. ಆದರೆ ಅವು ಬಣ್ಣವನ್ನು ನೋಡಿದವೇ, ಅಥವಾ ಕಪ್ಪು-ಬಿಳುಪಿನ ಛಾಯೆಯನ್ನೇ? ಈ ಸಂದೇಹವನ್ನು ಟರ್ನರ್ ಅವರೇ ಎತ್ತಿ ಚರ್ಚಿಸಿದರು. ಜೇನುನೊಣಕ್ಕೆ ಕೆಂಪು ಬಣ್ಣ ಕಾಣಿಸದು ಎಂಬುದು ಈಗ ತಿಳಿದ ವಿಷಯ. ಬೂದು ಛಾಯೆಗಳನ್ನು ಜೊತೆಗಿಟ್ಟು ಅವುಗಳ ವರ್ಣದೃಷ್ಟಿಯನ್ನು ಖಚಿತಪಡಿಸಿದವರು ಕಾರ್ಲ್ ಫಾನ್ ಫ್ರಿಶ್, 1914ರಲ್ಲಿ. ತಮ್ಮ ಫಲಿತಾಂಶವನ್ನು ತಾವೇ ಪ್ರಶ್ನಿಸಿಕೊಳ್ಳುವ ಈ ಗುಣವೇ ನಿಜವಾದ ವಿಜ್ಞಾನಿಯ ಲಕ್ಷಣವಲ್ಲವೇ?

ನಾವು ಕಂಡಲ್ಲಿ ಹೊಡೆಯುವ ಜಿರಳೆಯೂ ಅವರಿಗೆ ವಿದ್ಯಾರ್ಥಿಯಾಯಿತು. ಜಿರಳೆಗಳು ಚಕ್ರವ್ಯೂಹದಂಥ ದಾರಿಯನ್ನು ಪದೇಪದೇ ಪ್ರಯತ್ನಿಸಿ ಕಲಿಯುತ್ತವೆ ಎಂದು 1913ರಲ್ಲಿ ತೋರಿಸಿದರು. ಪೊರೆ ಕಳಚಿದ ನಂತರವೂ ಜಿರಳೆ ಕಲಿತದ್ದನ್ನು ಮರೆಯುವುದಿಲ್ಲ ಎಂಬುದನ್ನೂ ಅವರು ಕಂಡುಕೊಂಡರು. ಪತಂಗಗಳು ಶಬ್ದಕ್ಕೆ ಸ್ಪಂದಿಸುತ್ತವೆ ಎಂದು 1914ರಲ್ಲಿ ವರದಿ ಮಾಡಿದರು. ಗೂಡಿಗೆ ಮರಳುವ ಇರುವೆ ಸುತ್ತು ಹಾಕುವ ರೀತಿಗೆ ಫ್ರೆಂಚ್ ಸಂಶೋಧಕ ವಿಕ್ಟರ್ ಕಾರ್ನೆಟ್ಜ್ ಟರ್ನರ್ ಅವರ ಹೆಸರನ್ನೇ ಇಟ್ಟರು.

ಅನಾರೋಗ್ಯದಿಂದ 1922ರಲ್ಲಿ ನಿವೃತ್ತರಾದ ಟರ್ನರ್ 1923ರ ಫೆಬ್ರವರಿ 14ರಂದು ಶಿಕಾಗೋದಲ್ಲಿ, 56ನೇ ವಯಸ್ಸಿನಲ್ಲಿ ನಿಧನರಾದರು. ಅಷ್ಟರಲ್ಲಿ 70ಕ್ಕೂ ಹೆಚ್ಚು ಸಂಶೋಧನಾ ಲೇಖನಗಳನ್ನು ಬರೆದಿದ್ದರು. ಮುಂದೆ ಸೇಂಟ್ ಲೂಯಿಯಲ್ಲಿ ಶಾಲೆಯೊಂದಕ್ಕೆ ಅವರ ಹೆಸರಿಡಲಾಯಿತು. ಆದರೂ ಬಹುಕಾಲ ಜಗತ್ತು ಅವರನ್ನು ಮರೆತೇ ಇತ್ತು.

ಓದುಗರೇ, ಟರ್ನರ್ ಅವರಿಗೆ ಆದ ಅನ್ಯಾಯವನ್ನು ನಾವು ಮರೆಯಬಾರದು. ಒಳ್ಳೆಯ ಪ್ರಯೋಗಾಲಯ ಸಿಕ್ಕಿದ್ದರೆ ಅವರು ಇನ್ನೆಷ್ಟು ಸಾಧಿಸುತ್ತಿದ್ದರೋ! ಆದರೆ ಸೌಲಭ್ಯ ಬರಲಿ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಶಿಕ್ಷಕರಾದ ನಾವು ಪ್ರಯೋಗಾಲಯವಿಲ್ಲ ಎಂದು ಹೇಳುವ ಮೊದಲು ಮಕ್ಕಳನ್ನು ಒಮ್ಮೆ ಅಂಗಳಕ್ಕೆ ಕರೆದೊಯ್ಯೋಣ. ಇರುವೆಯ ದಾರಿಯಲ್ಲಿ ಒಂದು ಚಿಟಿಕೆ ಸಕ್ಕರೆ ಇಟ್ಟು, ಕೈಯಲ್ಲಿ ನೋಟ್‌ಬುಕ್ ಹಿಡಿದು, ಕಂಡದ್ದನ್ನು ಕಂಡಂತೆ ಬರೆಯಲು ಹೇಳೋಣ. ಪಾಠ ಅಲ್ಲಿಂದಲೇ ಶುರುವಾಗಲಿ.