ಇಂದಿನ ಚಿಂತನೆ: ದಿಙ್ನಾಗರ ತರ್ಕ



ಬಂಧುಗಳೇ, ಕೆರೆಬಿಳಚಿಯಲ್ಲಿ ಮಕ್ಕಳಿಗೆ ಜಾವಾ ಪ್ರೋಗ್ರಾಮಿಂಗ್ ಹೇಳಿಕೊಡುವಾಗ ನನಗೆ ಆಚಾರ್ಯ ದಿಙ್ನಾಗರು ನೆನಪಾಗುತ್ತಾರೆ.

ಸುಮಾರು 1500 ವರ್ಷಗಳ ಹಿಂದಿನವರು. ಕಂಚಿಯ ಬಳಿ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರೆಂದು ಪರಂಪರೆ ಹೇಳುತ್ತದೆ. ಭಿಕ್ಷುವಾಗಿ ಪ್ರಮಾಣಸಮುಚ್ಚಯ ಬರೆದು ಬೌದ್ಧ ತರ್ಕಕ್ಕೆ ಅಡಿಪಾಯ ಹಾಕಿದರು. ಪ್ರತ್ಯಕ್ಷ, ಅನುಮಾನ ಎರಡನ್ನೇ ಪ್ರಮಾಣವೆಂದರು. ವೇದವಾಕ್ಯವನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ. ಹಸು ಎಂಬ ಪದ ಹಸುವಲ್ಲದ್ದನ್ನು ಬೇರ್ಪಡಿಸುತ್ತದೆ ಅಷ್ಟೇ, ಹಸುತನವೆಂಬ ವಸ್ತು ಎಲ್ಲೂ ಇಲ್ಲ ಎಂದು ತೋರಿಸಿದರು. ತರ್ಕಶಾಸ್ತ್ರದಲ್ಲಿ ಆ ಹಸುತನಕ್ಕೆ ಇದ್ದ ಹೆಸರೇ ಜಾತಿ!

ಪ್ರೋಗ್ರಾಮಿನಲ್ಲೂ ಕ್ಲಾಸ್ ಎಂಬುದು ನಾವು ಬರೆದ ವಿವರಣೆ. ಅದರಂತೆ ಹುಟ್ಟಿ ಕೆಲಸ ಮಾಡುವುದು ಆಬ್ಜೆಕ್ಟ್.

ಚಿಕ್ಕಂದಿನಲ್ಲಿ ನನ್ನ ಹೆಸರಿಗಿಂತ ಮೊದಲು ಜಾತಿ ಕೇಳಿದವರಿದ್ದರು. ಈಗ ಮಕ್ಕಳಿಗೆ ಹೇಳುತ್ತೇನೆ: ಗುಂಪಿನ ಹೆಸರು ಮನಸ್ಸು ಕಟ್ಟಿದ್ದು, ಎದುರಿಗಿರುವ ಮನುಷ್ಯ ನಿಜ.

ಭವತು ಸಬ್ಬ ಮಂಗಲಂ 🙏